ಫ್ಯಾಕ್ಟ್ ಚೆಕ್: ಕೈಗೆ ಕಬ್ಬಿಣದ ಕೀ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆಯೇ?

ಈ ಮೆಸೇಜ್ ನಿಮಗೂ ಬಂದಿರಬಹುದು. ಇದು ಸುಳ್ಳು. ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಕೀಗೆ ಬರುತ್ತದೆ. ಆದರೆ ವಿಷದಿಂದ ಬಂದ ಫಿಟ್ಸ್ ಹಾಗೆ ನಿಲ್ಲದೆ ಇರಬಹುದು.

ಏಕೆ? ಮೆದುಳಿನ ನರಕೋಶಗಳಿಗೆ ಬ್ರೇಕ್ ಹಾಕುವುದು 'ಗಾಬಾ' ಎಂಬ ರಾಸಾಯನಿಕ. ಅದು ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಬಾಗಿಲೊಂದು ತೆರೆದು ಕ್ಲೋರೈಡ್ ಒಳಹೋಗುತ್ತದೆ, ಕೋಶ ಶಾಂತವಾಗುತ್ತದೆ. ಎಂಡೋಸಲ್ಫಾನ್ ಆ ಬಾಗಿಲನ್ನೇ ಮುಚ್ಚುತ್ತದೆ. ಮಂಗಳೂರಿನ ನೆರೆಯ ಕಾಸರಗೋಡಿನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸುತ್ತಿದ್ದ ಕೀಟನಾಶಕವೇ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿಷೇಧಿಸಿತು.

ಆಸ್ಪತ್ರೆಯಲ್ಲಿ ಕೊಡುವ ಲೋರಾಜೆಪಾಮ್‌ನಂಥ ಔಷಧಿ ಗಾಬಾದ ಬ್ರೇಕನ್ನು ಬಲಪಡಿಸುತ್ತದೆ. ಆದ್ದರಿಂದ ಕೀ ಹುಡುಕಬೇಡಿ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ವಿಷದ ಬಾಟಲಿ ಸಿಕ್ಕರೆ ವೈದ್ಯರಿಗೆ ತೋರಿಸಿ.