ಗ್ಲಾಸಿನೊಳಗೆ ಕಬ್ಬೋ, ಬಾರ್ಲಿಯೋ?

ಅಕ್ಕಲಕೋಟೆ, ಜತ್ತ ಭಾಗದ ನಾವು ಕಬ್ಬಿನ ರೈತರು ಸಂಜೆ 'ವಿಸ್ಕಿ' ಎಂದು ಸುರುವಿಕೊಳ್ಳುವುದು ಬಹಳ ಸಲ ಕಬ್ಬೇ ಎಂದರೆ ನಗಬೇಡಿ. ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯನ್ನು ಹುಳಿಯಿಸಿ, ಭಟ್ಟಿ ಇಳಿಸಿ, ರುಚಿ ವಾಸನೆ ಹೋಗುವ ತನಕ ಶುದ್ಧ ಮಾಡಿದ ಸ್ಪಿರಿಟ್ಟೇ ನಮ್ಮ ಅಗ್ಗದ ಬ್ಲೆಂಡುಗಳಲ್ಲಿ ಬಹಳಷ್ಟರ ಮೈ. ಅದಕ್ಕೆ ಒಂದಿಷ್ಟು ಮಾಲ್ಟು, ಬಣ್ಣಕ್ಕೆ ಸುಟ್ಟ ಸಕ್ಕರೆ. ಧಾನ್ಯದ ಸ್ಪಿರಿಟ್ ಹಾಕುವವರೂ ಇದ್ದಾರೆ. ಕಾಕಂಬಿಯದನ್ನು ವಿಸ್ಕಿ ಎಂದು ಮಾರಲು ಯುರೋಪಿನವರು ಬಿಡುವುದಿಲ್ಲ.

ಸ್ಕಾಟ್‌ಲೆಂಡಿನ ಬ್ಲೆಂಡ್ ಹಾಗಲ್ಲ. ಅಲ್ಲಿ ಗೋದಿ, ಮೆಕ್ಕೆಜೋಳದ ವಿಸ್ಕಿಗೆ ಹಲವು ಕಡೆಯ ಮಾಲ್ಟ್ ಬೆರೆಸುತ್ತಾರೆ. ಎಲ್ಲವೂ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಮಲಗಿರಬೇಕು. ಸಿಂಗಲ್ ಮಾಲ್ಟ್ ಅಂದ್ರೆ ಮೊಳಕೆ ಬರಿಸಿದ ಬಾರ್ಲಿ ಮಾತ್ರ, ಒಂದೇ ಡಿಸ್ಟಿಲರಿಯದು. ಒಂದೇ ಪೀಪಾಯಿಯದು ಅಂತ ಕೆಲವರು ವಾದಕ್ಕೆ ನಿಲ್ತಾರೆ, ಅದು ಸರಿಯಲ್ಲ.

ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಬೆಲ್ಲ ಮಾರಲು ಆಲೆಮನೆಗೇ ಹೋದ ಹಾಗೆ! 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೇ ಅದರ ಫ್ಯೂಷನ್‌ಗೆ ಜಗತ್ತಿನಲ್ಲೇ 3ನೇ ಸ್ಥಾನ ಕೊಟ್ಟರು. ಗೋವೆಯ ಪಾಲ್ ಜಾನ್ 2012ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಬಾರ್ಲಿ ಉತ್ತರ ಭಾರತದ್ದು, ಬಿಸಿಲು ಮಾತ್ರ ನಮ್ಮದು. ಆ ಬಿಸಿಲಿಗೆ ಮಾಲು ಬೇಗ ಹದಕ್ಕೆ ಬರುತ್ತದೆ, ಬೇಗ ಆರಿಯೂ ಹೋಗುತ್ತದೆ. ಸ್ಕಾಟ್‌ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2ರಷ್ಟು ಆವಿಯಾದರೆ ಬೆಂಗಳೂರಲ್ಲಿ 10ಕ್ಕೂ ಮೇಲೆ. ವ್ಯಾಪಾರಸ್ಥರೇ ಲೆಕ್ಕ ಹಾಕ್ರಿ: 4 ವರ್ಷದಲ್ಲಿ ಪೀಪಾಯಿಯ ಮೂರನೇ ಒಂದು ಪಾಲು ಗಾಳಿಗೆ! ಗೋದಾಮಿನಲ್ಲೇ ತೂಕ ಕಳೆದುಕೊಳ್ಳುವ ಮಾಲನ್ನು ಯಾರು ಅಗ್ಗಕ್ಕೆ ಕೊಟ್ಟಾರು?

ಹಂಗಂತ ದಿನದ ಬಳಕೆಗೆ ನಾನು ಮಾಲ್ಟ್ ಹಿಡಿಯುವವನಲ್ಲ. ಮಿರ್ಚಿ ಭಜಿ, ಸೊಲ್ಲಾಪುರದ ಶೇಂಗಾ ಚಟ್ನಿ ಬಾಯಲ್ಲಿದ್ದಾಗ, ಮೇಲೆ ಸೋಡಾ ಬರ್ಫ ಸುರಿದಾಗ, ಮಾಲ್ಟಿನ ಹಣ್ಣು ಹೊಗೆಯ ವಾಸನೆ ಯಾರಿಗೆ ಸಿಗಬೇಕು? ಅಲ್ಲಿಗೆ ಒಳ್ಳೆ ಬ್ಲೆಂಡೇ ಸಾಕು. ಮಾಲ್ಟಿಗೆ ಬರೀ ನಾಲ್ಕು ಹನಿ ನೀರು, ಪುರುಸೊತ್ತು ಬೇಕು. ಹಬ್ಬ ಮುಗಿದ ರಾತ್ರಿಗೆ ಅದು ಸೈ. ದಿನಾ ಕುಡಿದರೆ ಯಾವುದಾದರೂ ಯಕೃತ್ತಿಗೆ ಒಂದೇ, ಅಲ್ಲಿ ಸಿಂಗಲ್ಲು ಡಬಲ್ಲು ನಡೆಯುವುದಿಲ್ಲ.

ಇನ್ನು ಗೋವೆಯ ಬಾಟಲಿ ಅಗ್ಗ ಎಂದು ಚೀಲ ತುಂಬುವವರಿಗೆ ಒಂದು ಮಾತು. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ನಾಕಾದಲ್ಲಿ ಬಾಟಲಿಯೂ ಹೋದೀತು, ಗಾಡಿಯೂ ನಿಂತೀತು. ನಮ್ಮ ಮಹಾರಾಷ್ಟ್ರದ ಕಡೆ 1949ರ ಕಾಯ್ದೆ ಪ್ರಕಾರ ಕುಡಿಯುವುದಕ್ಕೂ ಪರ್ಮಿಟ್ ಬೇಕು, ಬ್ಲೆಂಡಿಗೂ ಮಾಲ್ಟಿಗೂ.