ತಟ್ಟೆಯಲ್ಲಿ ಬೆಳೆದ ನರಕೋಶ

ಕೆಜಿಎಫ್‌ನ ಚಿನ್ನದ ಗಣಿಗೆ 2001ರ ಫೆಬ್ರುವರಿ 28ರಂದು ಬೀಗ ಬಿದ್ದ ಮೇಲೆ ಊರಿನ ಬದುಕು ರೈಲು ಹತ್ತಿತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಬಂಗಾರಪೇಟೆಯಲ್ಲಿ ತುಂಬಿಕೊಂಡು ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಗಳಲ್ಲಿ ಕೆಲಸಕ್ಕೆ ಹೋಗುವವರ ನಡುವೆ ಮಗುವನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ತಾಯಂದಿರೂ ಇರುತ್ತಾರೆ. ಹೆಸರು ಹಿಡಿದು ಕೂಗಿದರೂ ಮಗು ತಿರುಗುವುದಿಲ್ಲ. ಆಡುತ್ತಿದ್ದ ಒಂದೆರಡು ಮಾತೂ ನಿಂತಿದೆ. ವೈದ್ಯರು ಆಟಿಸಂ ಎನ್ನುತ್ತಾರೆ. ಮನೆಯಲ್ಲಿ ಕೆಲವರು ತಾಯಿಯತ್ತ ಬೆರಳು ತೋರುತ್ತಾರೆ.

ಯಾಕೆ ಹೀಗಾಯಿತು ಎಂಬ ಪ್ರಶ್ನೆಯನ್ನು ಕೋಶದ ಮಟ್ಟದಲ್ಲಿ ಕೇಳುವ ಕೆಲಸ ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ.

ಜೀವಂತ ಮಗುವಿನ ಮಿದುಳಿನಿಂದ ಚೂರು ತೆಗೆದು ಪರೀಕ್ಷಿಸುವಂತಿಲ್ಲ. ಬಹುಕಾಲ ಮರಣಾನಂತರ ದಾನವಾಗಿ ಬಂದ ಮಿದುಳುಗಳೇ ಆಧಾರವಾಗಿದ್ದವು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯನ ಚರ್ಮಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಮತ್ತೆ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶಗಳನ್ನಾಗಿ (ಸ್ಟೆಮ್ ಸೆಲ್) ಮಾಡಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಮಗುವಿನ ತುಸು ರಕ್ತ ಸಾಕು. ಅದರಿಂದ ಪಡೆದ ಆಕರಕೋಶಗಳನ್ನು 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿಟ್ಟು, ಗುಲಾಬಿ ಬಣ್ಣದ ಪೋಷಕ ದ್ರವವನ್ನು ಮತ್ತೆ ಮತ್ತೆ ಬದಲಿಸುತ್ತ ವಾರಗಟ್ಟಲೆ ಸಾಕಬೇಕು. ಒಂದೇ ಒಂದು ಬ್ಯಾಕ್ಟೀರಿಯಾ ಹೊಕ್ಕರೂ ಅಷ್ಟೂ ಶ್ರಮ ಹಾಳು. ಉಳಿದವು ಕ್ರಮೇಣ ನರಕೋಶಗಳಾಗಿ, ಎಳೆ ಚಾಚಿ ಪಕ್ಕದ ಕೋಶವನ್ನು ಮುಟ್ಟುತ್ತವೆ. ವಿದ್ಯುತ್ ಸಂಕೇತ ಕಳಿಸುತ್ತವೆ.

ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳಿವೆ. ಆದರೆ ಯಾವುದು ಎಲ್ಲಿ, ಎಷ್ಟು ಚುರುಕಾಗಿರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನರಕೋಶದಲ್ಲಿ ಜೀನ್‌ಗಳು ಹೊರಡಿಸುವ ಆರ್‌ಎನ್‌ಎ ಸಂದೇಶಗಳನ್ನು ಎಣಿಸಿದರೆ ಯಾವ ಜೀನ್ ಅಬ್ಬರಿಸುತ್ತಿದೆ, ಯಾವುದು ಸುಮ್ಮನಾಗಿದೆ ಎಂಬುದು ಕಾಣುತ್ತದೆ.

ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ತೊಂದರೆ ಇದಕ್ಕೆ ಸ್ಪಷ್ಟ ಉದಾಹರಣೆ. ಆನುವಂಶಿಕವಾಗಿ ಬರುವ ಆಟಿಸಂಗೆ ಒಂದೇ ಜೀನ್ ಕಾರಣವಾಗುವ ಪ್ರಕರಣಗಳಲ್ಲಿ ಇದೇ ಹೆಚ್ಚು. ಎಕ್ಸ್ ವರ್ಣತಂತುವಿನ ಎಫ್‌ಎಂಆರ್1 ಜೀನ್‌ನಲ್ಲಿ ಸಿಜಿಜಿ ಎಂಬ ಮೂರಕ್ಷರ ಸಾಮಾನ್ಯವಾಗಿ 30ರ ಆಸುಪಾಸು ಸಲ ಬರುತ್ತದೆ. 200 ದಾಟಿದರೆ ಆ ಭಾಗಕ್ಕೆ ಮೀಥೈಲ್ ಎಂಬ ರಾಸಾಯನಿಕ ಗುಂಪು ಅಂಟಿಕೊಂಡು ಜೀನ್ ಮೌನವಾಗುತ್ತದೆ. ಅದು ತಯಾರಿಸಬೇಕಿದ್ದ ಎಫ್‌ಎಂಆರ್‌ಪಿ ಪ್ರೋಟೀನ್ ಬೇರೆ ಅನೇಕ ಸಂದೇಶಗಳನ್ನು ಹದ್ದುಬಸ್ತಿನಲ್ಲಿಡುವಂಥದ್ದು. ಅದಿಲ್ಲದಿದ್ದರೆ ಏರುಪೇರು ಒಂದೆಡೆ ನಿಲ್ಲುವುದಿಲ್ಲ. ಎಫ್‌ಎಂಆರ್‌ಪಿ ಇಲ್ಲದ ಮಾನವ ಆಕರಕೋಶಗಳಿಂದ ಬೆಳೆಸಿದ ನರಕೋಶಗಳಲ್ಲಿ ತಾನಾಗಿ ಹೊಮ್ಮುವ ಸಂಕೇತಗಳ ಲಯವೇ ಬದಲಾಗಿರುವುದನ್ನು ಇನ್‌ಸ್ಟೆಮ್‌ನ ಸುಮಂತ್ರ ಚಟರ್ಜಿ ಅವರ ತಂಡ 2020ರಲ್ಲಿ ವರದಿ ಮಾಡಿತು. ಅದಕ್ಕೂ ಮೊದಲು, 2018ರಲ್ಲಿ, ಅಮೆರಿಕದ ರುಡಾಲ್ಫ್ ಯೆನಿಷ್ ಅವರ ತಂಡ ಡಿಎನ್‌ಎ ಕತ್ತರಿಸದೆಯೇ ಆ ಮೀಥೈಲ್ ಕಳಚಿತ್ತು. ತಟ್ಟೆಯಲ್ಲಿದ್ದ ರೋಗಿಯ ನರಕೋಶಗಳಲ್ಲಿ ಜೀನ್ ಮತ್ತೆ ಕೆಲಸ ಶುರು ಮಾಡಿತು. ಇದು ದೊಡ್ಡ ಮಾತು. ಆದರೂ ತಟ್ಟೆ ಮಿದುಳಲ್ಲ, ಮತ್ತು ಆಟಿಸಂ ಇರುವ ಹೆಚ್ಚಿನ ಮಕ್ಕಳಲ್ಲಿ ಕಾರಣ ಒಂದೇ ಜೀನ್ ಅಲ್ಲ.

ಈ ಸಂಶೋಧನೆಯ ಹೆಸರನ್ನೇ ಮುಂದಿಟ್ಟುಕೊಂಡು ‘ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಆಟಿಸಂ ವಾಸಿ’ ಎಂದು ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ. ಒಡವೆ ಅಡವಿಟ್ಟಾದರೂ ಮಗುವಿಗೆ ಕೊಡಿಸಲು ಮುಂದಾಗುವ ಅಪ್ಪ ಅಮ್ಮನಿಗೆ ಇದನ್ನು ಬಿಡಿಸಿ ಹೇಳಲೇಬೇಕು: ಪ್ರಯೋಗಾಲಯದಲ್ಲಿ ಬೆಳೆಸುವುದು ತಿಳಿಯಲು, ಚುಚ್ಚಲು ಅಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.

ಸದ್ಯ ಕುಟುಂಬಕ್ಕೆ ನಿಜವಾಗಿ ಒದಗುವುದು ಮಾತಿನ ತರಬೇತಿ, ವರ್ತನೆಯ ತರಬೇತಿ ಮತ್ತು ವೈದ್ಯರು ಸೂಚಿಸಿದರೆ ಫ್ರಜೈಲ್ ಎಕ್ಸ್ ರಕ್ತಪರೀಕ್ಷೆ. ಸಿಜಿಜಿ ಸಂಖ್ಯೆ 55ರಿಂದ 200ರ ನಡುವೆ ಇರುವ ತಾಯಿ ಆರೋಗ್ಯವಾಗಿಯೇ ಇರಬಹುದು. ಮಗುವಿಗೆ ದಾಟುವಾಗ ಆ ಸಂಖ್ಯೆ ಬೆಳೆಯಬಹುದು. ಅದು ಅವಳ ತಪ್ಪಲ್ಲ. ಪರೀಕ್ಷೆಯಲ್ಲಿ ಫ್ರಜೈಲ್ ಎಕ್ಸ್ ಖಚಿತವಾದರೆ ಅವಳ ಅಕ್ಕತಂಗಿಯರೂ ಬಸಿರಾಗುವ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಪಡೆಯುವುದು ಒಳ್ಳೆಯದು.