ಬಸಿದ ನೀರಿನ ಬೆಲೆ

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಾರು? ಆದರೆ ಮನೆಯ ಹಿರಿಯರೊಬ್ಬರಿಗೆ ರಕ್ತದೊತ್ತಡವೇರಿದೆಯೆಂದೂ ಇನ್ನು ಮೇಲೆ ಉಪ್ಪನ್ನು ತಗ್ಗಿಸತಕ್ಕದ್ದೆಂದೂ ವೈದ್ಯರು ಅಪ್ಪಣೆ ಕೊಟ್ಟ ದಿನ ಈ ಗಾದೆಯೇ ಗೃಹಿಣಿಗೆ ದೊಡ್ಡ ತೊಡಕಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಮೊದಲ ವಾರ ಸಾರಿಗೆ ಉಪ್ಪನ್ನು ಮಾತ್ರ ಕಡಮೆಮಾಡಿ ಬಡಿಸಿದೆನು. ಮಾವನವರು ಎರಡು ತುತ್ತು ಉಂಡು, ಏನನ್ನೂ ಹೇಳದೆ, ಉಪ್ಪಿನಕಾಯಿಯ ಜಾಡಿಯ ಕಡೆಗೆ ನೋಡಿದರು. ಒಂದು ಕಡೆಯಿಂದ ತೆಗೆದ ಉಪ್ಪು ಇನ್ನೊಂದು ಕಡೆಯಿಂದ ಎಲೆಗೆ ಬಂದು ಬಿದ್ದಿತು. ತಪ್ಪು ಅವರದಲ್ಲ, ಒಂದು ರುಚಿಯನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದನ್ನಿಡದಿದ್ದ ನನ್ನದು.

ದಿನವೊಂದಕ್ಕೆ ಒಬ್ಬ ವಯಸ್ಕರು ಸೇವಿಸುವ ಉಪ್ಪು 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಇದು ಚಹದ ಒಂದು ಚಮಚಕ್ಕಿಂತ ತುಸು ಕಡಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ತಿಂಡಿ, ಇವೆಲ್ಲವೂ ಈ ಲೆಕ್ಕಕ್ಕೆ ಸೇರಿದುವೇ. ಅದೇ ಸಂಸ್ಥೆಯವರು ತರಕಾರಿ ಹಣ್ಣುಗಳೆರಡೂ ಸೇರಿ ದಿನಕ್ಕೆ 400 ಗ್ರಾಮಾದರೂ ಬೇಕೆನ್ನುತ್ತಾರೆ. ಹಾಗಾದರೆ ಉಪ್ಪು ಇಳಿಯಬೇಕು, ಸೊಪ್ಪು ತರಕಾರಿ ಏರಬೇಕು, ಊಟ ಮಾತ್ರ ಸಪ್ಪೆಯಾಗಬಾರದು. ಇದು ಸಾಧ್ಯವೆ?

ಸಾಧ್ಯವೆಂಬುದಕ್ಕೆ ಹಳೆಯ ಮೈಸೂರು ಸೀಮೆಯ ಬಸ್ಸಾರೇ ಸಾಕ್ಷಿ. ತರಕಾರಿಯ ಸತ್ತ್ವದಲ್ಲಿ ಬಹುಭಾಗ ನೀರಿನಲ್ಲಿ ಕರಗುವಂಥದು. 'ಸಿ' ಜೀವಸತ್ತ್ವವೂ 'ಬಿ' ವರ್ಗದ ಜೀವಸತ್ತ್ವಗಳೂ ಬೇಯಿಸಿದ ನೀರಿಗೆ ಇಳಿಯುತ್ತವೆ. ಸೊಪ್ಪಿನ ಸಹಜವಾದ ರುಚಿಯೂ ಅವುಗಳ ಜೊತೆಗೇ ಹೋಗುತ್ತದೆ. ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಉಳಿದ ನಾರಿಗೆ ಉಪ್ಪು ಖಾರ ತುಂಬಿ ಪಲ್ಯವೆನ್ನುವುದು ಎಂತಹ ಗೃಹಕೃತ್ಯ! 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ಕೂನೂರಿನಲ್ಲಿ ಆರಂಭಿಸಿದ ಸಂಶೋಧನಾಲಯವೇ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಬೇಕು, ಬೇಯಿಸಿದ ನೀರನ್ನು ಚೆಲ್ಲಬಾರದು, ಬೇಳೆಗಾಗಲಿ ಸೊಪ್ಪಿಗಾಗಲಿ ಸೋಡ ಹಾಕಬಾರದು ಎಂದು ಅದು ಉಪದೇಶಿಸುತ್ತದೆ. ನಮ್ಮ ಹಳ್ಳಿಯ ತಾಯಂದಿರು ನೀರಿನ ವಿಷಯವನ್ನು ಯಾರೂ ಹೇಳದೆಯೇ ಅರಿತಿದ್ದರು.

ಬಸ್ಸಾರಿನ ಕ್ರಮವಿದು. ನಾಲ್ವರಿಗೆ ಒಂದು ಬಟ್ಟಲು ತೊಗರಿಬೇಳೆಯನ್ನು ಧಾರಾಳವಾಗಿ ನೀರಿಟ್ಟು, ಕಾಳು ಒಡೆಯದೆ ಬೆರಳಿಗೆ ಮೆತ್ತಗೆ ಸಿಕ್ಕುವಷ್ಟು ಬೇಯಿಸಬೇಕು. ಆಗ ಹೆಚ್ಚಿದ ಹುರುಳಿಕಾಯಿಯನ್ನೂ ಸಬ್ಬಸಿಗೆ ಸೊಪ್ಪನ್ನೂ ಹಾಕಿ, ಮುಚ್ಚಿ, ಬೆಂದೊಡನೆ ಇಳಿಸಿ ಬಸಿಯತಕ್ಕದ್ದು. ದಂಟಿನ ಸೊಪ್ಪಾದರೂ ಆದೀತು. ಬಸಿದ ನೀರಿಗೆ ಕಟ್ಟೆಂದು ಹೆಸರು. ಈರುಳ್ಳಿ ಬೆಳ್ಳುಳ್ಳಿಗಳನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಒಂದೆರಡು ಒಣಮೆಣಸಿನಕಾಯಿ, ತೆಂಗಿನ ತುರಿ, ತುಸು ಹುಣಿಸೆಹಣ್ಣು, ಜೊತೆಗೆ ಬೆಂದ ಬೇಳೆಸೊಪ್ಪಿನದೊಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಬೇಕು. ಇದನ್ನು ಕಟ್ಟಿಗೆ ಬೆರಸಿ ಕುದಿಸಿದರೆ ಸಾರು. ಉಳಿದ ಬೇಳೆಸೊಪ್ಪಿಗೆ ಸಾಸಿವೆ, ಕರಿಬೇವುಗಳ ಒಗ್ಗರಣೆಯಿಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ವ್ಯಂಜನ. ಹನಿ ನೀರೂ ವ್ಯರ್ಥವಿಲ್ಲ. ಬಿಸಿಯಾದ ರಾಗಿಮುದ್ದೆಯೊಡನೆ ಇದನ್ನುಂಡವರಿಗೆ ಹೆಚ್ಚಿಗೆ ಹೇಳಬೇಕಾದುದೇನೂ ಇಲ್ಲ.

ಇಲ್ಲಿ ನಾಲಿಗೆಯನ್ನು ಒಲಿಸುವುದು ಉಪ್ಪೊಂದೇ ಅಲ್ಲವೆಂಬುದನ್ನು ಗಮನಿಸಬೇಕು. ಹುಳಿಯು ಉಪ್ಪಿನ ಕೊರತೆಯನ್ನು ಬಹುಮಟ್ಟಿಗೆ ಮರೆಸುತ್ತದೆ. ಪಲ್ಯವನ್ನಿಳಿಸಿದ ಮೇಲೆ ನಿಂಬೆಯ ರಸ ಹಿಂಡಿದರೆ ಇನ್ನೊಂದು ಲಾಭವುಂಟು: ಅದರಲ್ಲಿರುವ 'ಸಿ' ಜೀವಸತ್ತ್ವದಿಂದ ಸೊಪ್ಪಿನ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಒಗ್ಗರಣೆಯ ಎಣ್ಣೆಯೂ ಬರಿಯ ಘಮಲಿಗಲ್ಲ. ಸೊಪ್ಪು, ಗಜ್ಜರಿ, ಸಿಹಿಗುಂಬಳಗಳಲ್ಲಿ ಅಡಗಿರುವ, ಕಣ್ಣಿಗೆ ಹಿತವಾದ ಸತ್ತ್ವವು ಜಿಡ್ಡಿನಲ್ಲಿ ಕರಗುವಂಥದಾದುದರಿಂದ, ಸ್ವಲ್ಪ ಎಣ್ಣೆ ಅದಕ್ಕೆ ಅವಶ್ಯ. ಸ್ವಲ್ಪವೆಂದರೆ ಚಮಚದಲ್ಲಿ ಅಳೆದು ಹಾಕುವಷ್ಟು; ಸೀಸೆಯಿಂದ ಸುರಿಯುವಷ್ಟಲ್ಲ. ಖಾರಕ್ಕೆ ಕರಿಮೆಣಸನ್ನು ಮರೆಯಬಾರದು. ಮೆಣಸಿನಕಾಯಿಯು ಅಮೆರಿಕ ಖಂಡದ ಗಿಡ. 1498ರಲ್ಲಿ ಕಡಲ ದಾರಿಯಿಂದ ಬಂದ ಪೋರ್ಚುಗೀಸರ ತರುವಾಯ ನಮ್ಮಲ್ಲಿ ನೆಲಸಿದುದು. ನಮ್ಮವರು ಅದಕ್ಕೆ ಮೊದಲಿನ ಮೆಣಸಿನ ಹೆಸರನ್ನೇ ಇಟ್ಟು ಮನೆಯೊಳಕ್ಕೆ ಕರೆದುಕೊಂಡರು.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದಿರಲಾಗದು. ಮೂತ್ರಪಿಂಡದ ಬೇನೆಯುಳ್ಳವರಿಗೆ ಸೊಪ್ಪಿನ ಕಟ್ಟು ಹಿತವಲ್ಲದಿರಬಹುದು. ಪೊಟ್ಯಾಸಿಯಮ್ ಲವಣವನ್ನು ತಗ್ಗಿಸಲು ವೈದ್ಯರೇ ನೀರನ್ನು ಬಸಿದು ಚೆಲ್ಲಲು ಹೇಳುವುದುಂಟು. ಉಪ್ಪಿಗೆ ಬದಲಾಗಿ ಮಾರುವ ಲವಣಗಳಲ್ಲಿಯೂ ಅನೇಕವು ಪೊಟ್ಯಾಸಿಯಮ್ ಉಳ್ಳವು. ಅಂಥವನ್ನು ವೈದ್ಯರನ್ನು ಕೇಳದೆ ಬಳಸಬಾರದು. ಇನ್ನೊಂದು, ಉಪ್ಪನ್ನು ಕಡಮೆ ಮಾಡಿದರೂ ಅಯೋಡಿನ್ ಸೇರಿದ ಉಪ್ಪನ್ನೇ ಬಳಸತಕ್ಕದ್ದು. ಅದನ್ನು ಅಡಿಗೆಯ ಕೊನೆಯಲ್ಲಿ ಹಾಕುವುದು ಲೇಸು.

ನಾಲಿಗೆಯೂ ಮಗುವಿನಂತೆ, ಒಮ್ಮೆಗೇ ಗದರಿಸಿದರೆ ಹಟ ಹಿಡಿಯುತ್ತದೆ, ಮೆಲ್ಲಮೆಲ್ಲನೆ ಒಲಿಸಿದರೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ನಾನು ದಿನದಿನಕ್ಕೆ ಒಂದೊಂದು ಚಿಟಿಕೆ ಉಪ್ಪನ್ನು ಹಿಂದೆಗೆದು, ಮನೆಮಂದಿಗೆಲ್ಲ ಒಂದೇ ಅಡಿಗೆ ಮಾಡಿದೆನು. ರೋಗಿಗೊಂದು ಸಪ್ಪೆ ಸಾರು, ಮಿಕ್ಕವರಿಗೊಂದು ಎಂಬ ಭೇದವನ್ನಿಡಲಿಲ್ಲ. ಒಬ್ಬರೇ ಸಪ್ಪೆಯುಣ್ಣುವ ದುಃಖವು ರೋಗಕ್ಕಿಂತ ದೊಡ್ಡದು. ತಿಂಗಳೊಂದು ಕಳೆಯುವ ಹೊತ್ತಿಗೆ ಮಾವನವರು ಜಾಡಿಯನ್ನು ನೋಡುವುದನ್ನು ಬಿಟ್ಟಿದ್ದರು. ಒಂದು ರಾತ್ರಿ ಬಸ್ಸಾರನ್ನು ಮತ್ತೊಂದು ಸೌಟು ಹಾಕಿಸಿಕೊಂಡು, "ಇವತ್ತು ಉಪ್ಪು ಸರಿಯಾಗಿದೆಯಮ್ಮ" ಎಂದರು. ಅಂದು ಹಾಕಿದ್ದುದು ಮೊದಲಿನ ಅರ್ಧದಷ್ಟೇ.